ಇಂದುಬಾಯಿ ರಂಕಾಳಕ್ಕೆ ಬಿಟ್ಟ ನೀರು

ಗೋಕಾಕದ ಪೇಟೆಯಲ್ಲಿ ಅರಿವಿ ಅಂಗಡಿ ಇಟ್ಟಾಗಿನಿಂದ ನಾನು ಬಹಳ ತರದ ಗಿರಾಕಿಗಳನ್ನು ಕಂಡಿದ್ದೇನೆ. ಕೆಲವರು ಬಣ್ಣ ನೋಡುತ್ತಾರೆ, ಕೆಲವರು ಅಂಚು ನೋಡುತ್ತಾರೆ, ಹೆಚ್ಚಿನವರು ಬಾಜೂ ಮನೆಯವರು ಏನು ಒಯ್ದರು ಅನ್ನುವುದನ್ನು ನೋಡುತ್ತಾರೆ. ಇವರೆಲ್ಲರನ್ನೂ ಸಂಭಾಳಿಸಬಹುದು. ನಾನು ಹೆದರುತ್ತಿದ್ದುದು ಒಬ್ಬ ಗಿರಾಕಿಗೆ ಮಾತ್ರ. ಅವಳು ನನ್ನ ಒಡಹುಟ್ಟಿದ ಅಕ್ಕ, ಹುಕ್ಕೇರಿ ತಾಲೂಕಿನ ಘೋಡಗೇರಿಗೆ ಕೊಟ್ಟ ಇಂದುಬಾಯಿ.

ಅಕ್ಕ ನನ್ನಲ್ಲಿ ಕೊಳ್ಳುತ್ತಿದ್ದುದು ನೀರು ಸೋಸುವ ಬಿಳಿ ಅರಿವಿಯ ಒಂದು ತುಂಡು, ಅಷ್ಟೇ. ನಮ್ಮ ಜೈನರ ಮನೆಗಳಲ್ಲಿ ಬಾವಿಯಿಂದ ಸೇದಿದ ನೀರನ್ನು ಹಾಗೇ ಕುಡಿಯುವುದಿಲ್ಲ. ದಪ್ಪ ಅರಿವಿಯನ್ನು ಎರಡು ಮಡಿಕೆ ಮಾಡಿ ಸೋಸಬೇಕು. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ, ಅವು ನಮ್ಮ ಹೊಟ್ಟೆಗೆ ಹೋಗಿ ಸಾಯಬಾರದು. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಸೋಸಿದ ಮೇಲೆ ಅರಿವಿಯಲ್ಲಿ ಉಳಿದ ಜೀವಗಳನ್ನು ಮೆಲ್ಲಗೆ ತೊಳೆದು, ಯಾವ ಬಾವಿಯ ನೀರೋ ಅದೇ ಬಾವಿಗೆ ವಾಪಸು ಬಿಡಬೇಕು ಅನ್ನುವುದು ಮುಂದಿನ ಮಾತು. ಬೇರೆ ನೀರಿಗೆ ಬಿಟ್ಟರೆ ಅವಕ್ಕೆ ಒಗ್ಗುವುದಿಲ್ಲ, ಸಾಯುತ್ತವೆ. ಪೇಟೆಯ ಮಂದಿ ಈ ಮುಂದಿನ ಮಾತನ್ನು ಬಸದಿಯಲ್ಲಿ ಕೇಳಿ, ಅಲ್ಲೇ ಚಪ್ಪಲಿಯ ಬದಲು ಬಿಟ್ಟು ಬರುತ್ತಾರೆ. ಅಕ್ಕ ಅದನ್ನು ಮನೆಗೆ ತಂದವಳು. ಅವಳ ಹತ್ತಿರ ಅದಕ್ಕೆಂದೇ ಒಂದು ತಾಮ್ರದ ಗಿಂಡಿ ಇತ್ತು. ಹಗ್ಗ ಕಟ್ಟಿ ಬಾವಿಗೆ ಇಳಿಸಿದರೆ ತಳ ನೀರು ಮುಟ್ಟುವತನಕ ನೆಟ್ಟಗೆ ಹೋಗುತ್ತಿತ್ತು. ಮುಟ್ಟಿದ ಮೇಲೆ ಹಗ್ಗವನ್ನು ಒಂದಿಷ್ಟು ಜಗ್ಗಿದರೆ ತಾನೇ ಬೋರಲಾಗುತ್ತಿತ್ತು. ಮೇಲಿನಿಂದ ಸುರಿದರೆ ಜೀವಗಳಿಗೆ ಪೆಟ್ಟಾಗುತ್ತದೆ, ಅದಕ್ಕೆ ಈ ಉಪಾಯ.

ಇಂಥವಳು ಅರಿವಿ ಕೊಳ್ಳುವ ರೀತಿ ಕೇಳಿ. ಅಂಗಡಿಗೆ ಬಂದವಳೇ ಸುತ್ತಿಟ್ಟ ಅರಿವಿಯ ಥಾನನ್ನು ಬಾಗಿಲಿಗೆ ಒಯ್ದು, ಸೂರ್ಯನ ಎದುರಿಗೆ ಹಿಡಿದು ನೋಡುತ್ತಿದ್ದಳು. ಬಿಸಿಲು ಆಚೆಯಿಂದ ಈಚೆ ಕಂಡರೆ ಆ ಅರಿವಿ ಬ್ಯಾಡ. ನಾನು ಮುಂಬೈ ಮಿಲ್ಲಿನ ನಂಬರೊಂದು ಮಾಲು ತೆಗೆದು, "ಇದರಾಗ ಬಿಸಲಲ್ಲ, ಗಾಳೀನೂ ದಾಟಾಂಗಿಲ್ಲ ಅಕ್ಕಾ" ಅಂದರೆ, "ಗಂಜಿ ಹಾಕಿದ್ರ ಜಾಳಿಗೀನೂ ಗ್ವಾಡಿ ಆಕ್ಕೇತಿ ಬಾಪು. ಒಂದು ಬಕೀಟ ನೀರ ತರಸು" ಅನ್ನುತ್ತಿದ್ದಳು. ಗಿರಾಕಿಗಳ ಎದುರಿಗೇ ಹೊಸ ಅರಿವಿಯ ಮೂಲೆಯನ್ನು ನೀರಿನಲ್ಲಿ ಅದ್ದಿ, ತಿಕ್ಕಿ, ಗಂಜಿ ಇಳಿಸಿ, ಮತ್ತೆ ಬಿಸಿಲಿಗೆ ಹಿಡಿಯುವಳು. ಆಮೇಲೆ ಏನೂ ಮಾತಾಡದೆ ನನ್ನ ಕೈಗೆ ಕೊಡುವಳು. ಆ ಸುಮ್ಮನಿರುವಿಕೆಯಿಂದ ನನ್ನ ವ್ಯಾಪಾರಕ್ಕೆ ಆದ ಧಕ್ಕೆಯನ್ನು ಎದುರಂಗಡಿಯವರು ಜಾಹೀರಾತು ಹಚ್ಚಿದ್ದರೂ ಮಾಡಲಾರರು. ಕಡೆಗೆ ಕೈಮಗ್ಗದ ಒಂದು ತುಂಡು ಒಯ್ಯುತ್ತಿದ್ದಳು. ಅದು ಅಂಗಡಿಯ ಮೂಲೆಯಲ್ಲಿ ಯಾರಿಗೂ ಬೇಡಾಗಿ ಬಿದ್ದಿರುತ್ತಿತ್ತು.

ಅವಳಿಗೆ ಒಬ್ಬನೇ ಮಗ, ಧರಣೇಂದ್ರ. ಘೋಡಗೇರಿ ಸಾಲಿಯಲ್ಲಿ ಕಲಿಯಬೇಕಾದ್ದು ಮುಗಿದ ಮೇಲೆ ಹುಡುಗ ಕೊಲ್ಲಾಪುರಕ್ಕೆ ಹೋದ. ಅಲ್ಲೇ ಓದಿ, ಅಲ್ಲೇ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮಾಸ್ತರನಾಗಿ, ನಮ್ಮ ಪೈಕಿಯ ಹುಡುಗಿ ಲಕ್ಷ್ಮೀಬಾಯಿಯನ್ನು ಮದುವೆಯಾಗಿ ಮನೆ ಹೂಡಿದ. ಅಕ್ಕನ ಹಿಗ್ಗನ್ನು ಏನು ಹೇಳಲಿ. ಬಾಯಿಬಿಟ್ಟು ಹೇಳುವ ಹೆಂಗಸಲ್ಲ ಅವಳು. ಆದರೆ ಊರಲ್ಲಿ ಯಾರಾದರೂ, "ಮಗಾ ಏನ್ ಮಾಡ್ತಾನ್ರಿ?" ಅಂದರೆ, ಕೇಳಿಸದವರ ಹಾಗೆ "ಆಂ?" ಅಂದು ಎರಡನೇ ಸಲ ಕೇಳಿಸಿಕೊಳ್ಳುತ್ತಿದ್ದಳು.

ಈ ಹಿಗ್ಗಿಗೆ ಕಲ್ಲು ಹಾಕಿದವನು ಮೂಡಲಗಿಯ ರಾವಸಾಹೇಬ, ನಮ್ಮ ದೂರದ ಬೀಗ. ಅವನು ಯಾರದೋ ಲಗ್ನಕ್ಕೆ ಕೊಲ್ಲಾಪುರಕ್ಕೆ ಹೋಗಿದ್ದವನು ಮರಳಿ ಬರುವಾಗ ಘೋಡಗೇರಿಯ ಬಸದಿಯ ಕಟ್ಟೆಯ ಮೇಲೆ ಕೂತು, ನಾಲ್ಕು ಮಂದಿಯ ಎದುರಿಗೆ ಅಂದನಂತೆ: "ಇಂದುಬಾಯಿ, ನಿಮ್ಮ ಮಗಾ ಕಾಲೇಜನ್ಯಾಗ ಕಪ್ಪಿ ಕೊಯ್ತಾನಂತ. ನೀರಿನ್ಯಾಗಿನ ಜೀವಾ ಹಿಡದು ಗಾಜಿನ ಮ್ಯಾಲ ಇಟ್ಟು ಪೋರಗೋಳಿಗೆ ತೋರಸ್ತಾನಂತ. ಅದಕ್ಕ ಪಗಾರ!"

ಮರುದಿನ ಅಕ್ಕ ನನ್ನ ಅಂಗಡಿಯಲ್ಲಿದ್ದಳು. ಈ ಸಲ ಅರಿವಿ ಕೇಳಲಿಲ್ಲ.

"ಬಾಪು, ಕೊಲ್ಲಾಪುರಕ್ಕ ಹೋಗೂಣು ನಡಿ."

"ಅಕ್ಕಾ, ರಾವಸಾಹೇಬನ ಮಾತ ನಂಬತೀಯೇನು? ಅಂವಾ ಮೂಡಲಗಿಯಿಂದ ಕಲ್ಲೋಳಿಗೆ ಹೋಗಿ ಬರೂದ್ರಾಗ ಒಂದು ಸುದ್ದಿಗೆ ಮೂರು ಮರಿ ಹಾಕಸ್ತಾನ."

"ನಂಬಿಲ್ಲ. ಅದಕ್ಕ ಕಣ್ಣಿಲೆ ನೋಡಾಕ ಹೊಂಟೇನಿ. ಅಲ್ಲೀಮಟಾ ಅವನ ಮನಿ ನೀರು ಮುಟ್ಟಾಂಗಿಲ್ಲಂತ ಬಸದ್ಯಾಗ ಕೈ ಮುಗದು ಬಂದೇನಿ."

ಇದು ಸಣ್ಣ ಮಾತಲ್ಲ. ತಾಯಿ ಮಗನ ಮನೆಯ ನೀರು ಮುಟ್ಟಲಿಲ್ಲ ಅಂದರೆ ಉಳಿದವರು ಮುಟ್ಟುತ್ತಾರೆಯೇ? ಅದನ್ನು ಬಿಡಿ, ಧರಣೇಂದ್ರ ಆ ತಾಯಿಗೆ ಎಷ್ಟು ಅಂಟಿದವನು ಅನ್ನುವುದು ನನಗೆ ಗೊತ್ತಿತ್ತು. ಅವನು ಕಾಲೇಜಿಗೆ ಹೊರಟ ದಿನ, ಅವನ ಟ್ರಂಕಿನಲ್ಲಿ ಅಕ್ಕ ಎಲ್ಲಕ್ಕಿಂತ ಮೇಲೆ ಇಟ್ಟದ್ದು ನೀರು ಸೋಸುವ ಅರಿವಿ. ಅಂಚಿಗೆ ತಾನೇ ಕೆಂಪು ದಾರದಿಂದ ಹೊಲಿಗೆ ಹಾಕಿದ್ದಳು.

ಅದು ಮೂವತ್ತೆಂಟನೇ ಇಸವಿ, ಬೇಸಿಗೆಯ ಮೊದಲು. ಹುಕ್ಕೇರಿಯಲ್ಲಿ ಮೋಟಾರು ಹಿಡಿದೆವು. ಅಕ್ಕನ ಕೈಯಲ್ಲಿ ಗಿಂಡಿ, ಹಗ್ಗ, ಅರಿವಿಯ ಗಂಟು. ಸಂಕೇಶ್ವರದಲ್ಲಿ ಮೋಟಾರು ನಿಂತಾಗ ಇವಳು ಇಳಿದು ಬಾವಿಗೆ ಹೋದಳು. ಸೇದಿದಳು, ಸೋಸಿದಳು, ಅರಿವಿ ತೊಳೆದು ಗಿಂಡಿ ಇಳಿಸಿದಳು. ಮಂದಿಯೆಲ್ಲ ಕಿಟಕಿಯಿಂದ ಮುಖ ಹೊರಗೆ ಹಾಕಿ ನೋಡುತ್ತಿದ್ದರು. ಡ್ರೈವರನಿಗೆ ತಡೆಯಲಿಲ್ಲ.

"ಏನ್ ಬಾಯಿಯವರ, ಬಾವ್ಯಾಗ ಬಂಗಾರ ಬಿದ್ದೈತೇನ್ರಿ? ಗಾಡಿ ಬಿಡತೇನಿ ನೋಡ್ರಿ!"

ಅಕ್ಕ ತಿರುಗಿ ಅವನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು. "ಆ ನೀರು ಎಲ್ಲಿಗೆ ಹಾಕ್ತೀಯಪಾ?"

"ಇಂಜಿನಕ್ಕರಿ. ಕುದ್ದು ಕುದ್ದು ಆರೇತಿ."

"ಕುದಿಯೂದ್ರಾಗ ಸೋಸಲಾರದ ಹಾಕ್ತೀ? ತಾ ಇಲ್ಲೆ."

ಡ್ರೈವರ ಜಗಳ ಮಾಡಬಹುದಿತ್ತು. ಆದರೆ ಅಕ್ಕ ಡಬ್ಬಿ ಇಸಿದುಕೊಂಡು ಆಗಲೇ ಅರಿವಿ ಮಡಚುತ್ತಿದ್ದಳು. ಆ ಸಾಲಿನ ಮೋಟಾರುಗಳಲ್ಲಿ ಸೋಸಿದ ನೀರು ಕುಡಿದ ಇಂಜಿನು ಅದೊಂದೇ ಇರಬೇಕು. ನಿಪ್ಪಾಣಿ ಬಂದಾಗ ಡ್ರೈವರ ನನ್ನ ಕಡೆ ವಾಲಿ, "ಖರೆ ಹೇಳತೇನ್ರಿ, ಇವತ್ತ ಇಂಜಿನ ತಣ್ಣಗೈತಿ" ಅಂದ. ಅಕ್ಕನಿಗೆ ಕೇಳಿಸಿತು. "ಆಂ?" ಅಂದಳು. ಅವನು ಮತ್ತೊಮ್ಮೆ ಹೇಳಿದ.

ಕೊಲ್ಲಾಪುರದ ಮನೆಯ ಬಾಗಿಲಲ್ಲಿ ಲಕ್ಷ್ಮೀಬಾಯಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಕಾಲು ತೊಳೆಯಲು ಒಂದು, ಕುಡಿಯಲು ಒಂದು. ಅಕ್ಕ ಎರಡನ್ನೂ ಮುಟ್ಟಲಿಲ್ಲ. ತನ್ನ ಗಿಂಡಿಯ ನೀರಲ್ಲೇ ಬಾಯಿ ತೊಯಿಸಿಕೊಂಡು, ಅಲ್ಲಿಯ ಬಸದಿಯ ಬಾವಿ ಎಲ್ಲಿದೆ ಅಂತ ಕೇಳಿದಳು. ಪಾಪ, ಆ ಹುಡುಗಿಯ ಮುಖ ಕಪ್ಪಿಟ್ಟಿತು. ಧರಣೇಂದ್ರ ಹೊರಗೆ ಬಂದ. ತಾಯಿಯನ್ನು ನೋಡಿದ, ಹೆಂಡತಿ ನೆಲದ ಮೇಲೆ ಇಟ್ಟ ತಂಬಿಗೆ ನೋಡಿದ. ಅವನಿಗೆ ಯಾರೂ ಬಿಡಿಸಿ ಹೇಳುವುದು ಬೇಕಾಗಲಿಲ್ಲ.

"ಯಾರ್ ಹೇಳಿದ್ರವ್ವಾ?"

"ರಾವಸಾಹೇಬ ಹೇಳಿದಾ. ಕಪ್ಪಿ ಕೊಯ್ತೀಯಂತ."

"ಅದು ಬಾಜೂ ಖೋಲಿ, ಬ್ಯಾರೆ ಮಾಸ್ತರ. ನಂದು ಗಿಡಾ, ಎಲಿ, ನೀರ ಮ್ಯಾಲಿನ ಪಾಚಿ."

"ಮತ್ತ ನೀರಿನ್ಯಾಗಿನ ಜೀವಾ?"

ಅವನು ತಂಬಿಗೆಗಳನ್ನು ಎತ್ತಿ ಒಳಗಿಟ್ಟು ಬಂದ. ಆಮೇಲೆ, "ನಾಳೆ ನನ್ನ ಕಲಾಸಿಗೆ ಬಂದು ಕುಂದರು. ನೀನ ನೋಡು. ನೋಡಿ ನೀ ಏನ್ ಅಂತೀ ಅದು" ಅಂದ. ಕಾಲೇಜಿನ ದೊಡ್ಡ ಸಾಹೇಬರ ಅಪ್ಪಣೆ ತರಲು ಅಂದೇ ಹೋದ. ನಾನು ಅವನ ಜಾಗದಲ್ಲಿದ್ದರೆ ನಾಳೆ ರಜೆ ಅನ್ನುತ್ತಿದ್ದೆ.

ಮರುದಿನ ನಾವಿಬ್ಬರೂ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕೂತೆವು. ಹುಡುಗರು ಒಬ್ಬೊಬ್ಬರೇ ಬಂದು ಅಕ್ಕನನ್ನು ನೋಡಿ ಗಾಬರಿಯಾಗಿ ಮುಂದೆ ಹೋದರು. ಇಬ್ಬರು ನಮಸ್ಕಾರವನ್ನೂ ಮಾಡಿದರು, ಯಾವುದೋ ಸಂಸ್ಥಾನದ ಕಡೆಯವರು ತನಿಖೆಗೆ ಬಂದಿದ್ದಾರೆ ಅಂದುಕೊಂಡಿರಬೇಕು. ಅವಳ ಮಡಿಲಲ್ಲಿದ್ದ ಗಿಂಡಿ ಮತ್ತು ಹಗ್ಗ ನೋಡಿ ತನಿಖೆ ಯಾವ ತರದ್ದು ಅನ್ನುವುದು ತಿಳಿಯದೆ ಪಿಸುಗುಟ್ಟಿದರು. ಗೋಡೆಯ ಕಪಾಟಿನಲ್ಲಿ ಒಣಗಿದ ಎಲೆಗಳು, ಶೀಷೆಗಳು. ಮೇಜಿನ ಮೇಲೆ ಹಿತ್ತಾಳೆಯ ದುರ್ಬೀನುಗಳು. ದೂರದ್ದನ್ನು ತೋರಿಸುವಂಥವಲ್ಲ, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವಂಥವು.

ಧರಣೇಂದ್ರ ಇಂಗ್ರಜಿಯಲ್ಲಿ ಪಾಠ ಸುರು ಮಾಡಿದ. ನನ್ನ ಇಂಗ್ರಜಿ ಯಾರ್ಡು, ಡಜನ್, ಡ್ಯಾಮೇಜು ಇಷ್ಟರಲ್ಲಿ ಮುಗಿಯುತ್ತದೆ, ಅಕ್ಕನದು ಅಷ್ಟೂ ಇಲ್ಲ. ಆದರೂ ಅವಳು ತೆರೆದ ಕಣ್ಣು ಮುಚ್ಚದೆ ಕೇಳಿದಳು. ಹುಡುಗ ಮಾತಾಡುವ ರೀತಿ ಚಂದ ಇತ್ತು. ಹೇಳಿದ್ದನ್ನು ಬೋರ್ಡಿನ ಮೇಲೆ ಬರೆದು, ಬರೆದದ್ದನ್ನು ಎಲೆಯಲ್ಲಿ ತೋರಿಸಿ, ತಿಳಿಯದವನ ಮುಖ ಹುಡುಕಿ ಅವನಿಗೆ ಮತ್ತೆ ಹೇಳುತ್ತಿದ್ದ. ಮಾಲು ಬಿಚ್ಚುವ ಕಲೆ ನನಗೆ ಗೊತ್ತು. ಈ ಹುಡುಗ ಒಳ್ಳೆಯ ವ್ಯಾಪಾರಿ ಆಗುತ್ತಿದ್ದ, ಮಾರುವುದಕ್ಕೆ ಇಷ್ಟು ಸಂಕೋಚ ಇಲ್ಲದಿದ್ದರೆ.

ಆಮೇಲೆ ಒಂದು ಬೋಗುಣಿಯಿಂದ ಗಾಜಿನ ಪಟ್ಟಿಗಳ ಮೇಲೆ ಹನಿ ಹನಿ ನೀರು ಹಾಕಿ ದುರ್ಬೀನುಗಳ ಕೆಳಗೆ ಇಟ್ಟರು. ಹುಡುಗರು ಸರದಿಯಲ್ಲಿ ನೋಡಿದರು. ಎಲ್ಲರದೂ ಮುಗಿದ ಮೇಲೆ ಧರಣೇಂದ್ರ ಹಿಂದಿನ ಬೆಂಚಿನ ಕಡೆ ಬಂದು ಕನ್ನಡದಲ್ಲಿ, "ಬಾರವ್ವಾ" ಅಂದ. ಮುಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಧರಣೇಂದ್ರ ಅವನ ಕಡೆ ತಿರುಗಿ ಮರಾಠಿಯಲ್ಲಿ, "ಇವರು ನನ್ನ ತಾಯಿ. ನೀವು ಈಗ ಮೊದಲ ಸಲ ನೋಡಿದಿರಲ್ಲ, ಅದು ಇದೆ ಅಂತ ನಾನು ಮೂರು ವರ್ಷದವನಿದ್ದಾಗ ನನಗೆ ಹೇಳಿದವರು" ಅಂದ. ನಗು ನಿಂತಿತು.

ಅಕ್ಕ ದುರ್ಬೀನಿಗೆ ಕಣ್ಣು ಹಚ್ಚಿದಳು. ಸೆರಗು ಅಡ್ಡ ಬಂತು, ಸರಿಸಿದಳು. ಮೊದಲು ತನ್ನ ರೆಪ್ಪೆಯೇ ಕಂಡಿತಂತೆ. ಮಗ ತಿರುಪು ತಿರುಗಿಸಿದ. ಅವಳು ಹಾಗೇ ಬಗ್ಗಿ ನಿಂತಳು. ಏಳಲಿಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಹತ್ತಿರ ಹೋಗಿ, "ಅಕ್ಕಾ, ಏನ್ ಕಾಣತೈತಿ?" ಅಂದೆ.

"ಅದಾವೋ ಬಾಪು" ಅಂದಳು. "ಖರೇನ ಅದಾವ."

ನಾನು ಅವಳ ದನಿಯನ್ನು ಹಾಗೆ ಎಂದೂ ಕೇಳಿರಲಿಲ್ಲ. ಲಗ್ನವಾಗಿ ಘೋಡಗೇರಿಗೆ ಕಾಲಿಟ್ಟಾಗಿನಿಂದ ದಿನಾ ಮುಂಜಾನೆ ಬಾವಿಗೆ ಗಿಂಡಿ ಇಳಿಸಿದವಳು ಒಮ್ಮೆಯೂ ಅದರಲ್ಲಿ ಏನಿದೆ ಅನ್ನುವುದನ್ನು ಕಂಡವಳಲ್ಲ. ಹೇಳಿದವರ ಮಾತಿನ ಮೇಲೆ ನೀರು ಬಿಡುತ್ತ ಬಂದಿದ್ದಳು. ಮಾಲು ನೋಡದೆ ಒಂದು ಗಜವನ್ನೂ ಕೊಳ್ಳದ ಹೆಂಗಸು!

"ಒಂದು ಹಸರ ಚೆಂಡ ಐತೋ. ತನ್ನಷ್ಟಕ್ಕ ತಾನ ಉಳ್ಳಾಕತ್ತೈತಿ. ಅದರ ಹೊಟ್ಟ್ಯಾಗ ಮತ್ತ ಸಣ್ಣ ಚೆಂಡ ಅದಾವ. ಬಸರೇನೋ ಧರಣೂ ಅದು?"

"ಹಂಗ ಅನಬಹುದವ್ವಾ."

ಅಕ್ಕ ನಿಧಾನಕ್ಕೆ ತಲೆ ಎತ್ತಿದಳು. ಕಣ್ಣು ಒರೆಸಿಕೊಂಡು, ಮೇಜಿನ ಮೇಲಿನ ಸಾಮಾನುಗಳನ್ನೆಲ್ಲ ನೋಡುತ್ತ ಹೋದಳು. ಒಂದು ಕಡೆ ದೃಷ್ಟಿ ನಿಂತಿತು. ತಂತಿಯ ಬಳೆಗೆ ಹೊಲಿದ ಒಂದು ಅರಿವಿಯ ಚೀಲ, ಹಿಡಿಕೆಗೆ ಕಟ್ಟಿದ್ದು. ಕೆರೆಯ ನೀರಲ್ಲಿ ಎಳೆದು ಪಾಚಿ ಹಿಡಿಯುವುದಕ್ಕೆ ಇಟ್ಟಿದ್ದು. ಅಂಚಿಗೆ ಕೆಂಪು ದಾರದ ಹೊಲಿಗೆ ಇತ್ತು. ಆ ತುಂಡು ನನ್ನ ಅಂಗಡಿಯದು.

"ಇದು ನಾ ಕೊಟ್ಟದ್ದಲ್ಲೇನು?"

"ಹೌದವ್ವಾ. ಪ್ಯಾಟ್ಯಾಗ ಇಷ್ಟ ಗಟ್ಟಿ ಅರಿವಿ ಸಿಗಲಿಲ್ಲ. ಮನ್ಯಾಗ ನೀರು ಸೋಸಾಕ ಬ್ಯಾರೆ ಇಟ್ಟೇನಿ."

"ಉಳಸಾಕ ಕೊಟ್ಟದ್ದರಾಗ ಹಿಡಿಯಾಕತ್ತಿ."

ಅವನು ತಲೆ ತಗ್ಗಿಸಿದ. ಕನ್ನಡ ತಿಳಿಯದ ಹುಡುಗರಿಗೂ ಮಾಸ್ತರು ಸಿಕ್ಕಿಬಿದ್ದದ್ದು ತಿಳಿಯಿತು. ಆ ಭಾಷೆ ಎಲ್ಲ ತಾಯಂದಿರದೂ ಒಂದೇ. ಅಕ್ಕ ಚೀಲವನ್ನು ಕೈಗೆ ತೆಗೆದುಕೊಂಡು, ಒಳಗೆ ಹೊರಗೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಹಿಡದದ್ದಕ್ಕ ನಾ ಏನೂ ಅನ್ನಾಂಗಿಲ್ಲ. ನಾನೂ ದಿನಾ ಹಿಡೀತೇನಿ. ಹಿಡದ ಮ್ಯಾಲ ಎಲ್ಲಿ ಬಿಡ್ತಿ ಹೇಳು."

ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಧರಣೇಂದ್ರ ಅಂದ: "ಬಿಡಾಂಗಿಲ್ಲವ್ವಾ. ಗಾಜು ತೊಳದು ಒರಸಿ ಇಡ್ತೀವಿ. ನೀರು ಗಟಾರಕ್ಕ ಹೊಕ್ಕೇತಿ."

"ಎಲ್ಲೀ ನೀರು ಇದು?"

"ರಂಕಾಳ ಕೆರೀದು."

"ಹಂಗಾರ ರಂಕಾಳಕ್ಕ ನಡಿ."

ಪಾಠ ಮುಗಿದಿತ್ತು. ಅಕ್ಕ ತನ್ನ ಗಿಂಡಿಯನ್ನು ಮೇಜಿನ ಮೇಲೆ ಇಟ್ಟಳು. ಧರಣೇಂದ್ರ ತಾನೇ ಒಂದೊಂದು ಗಾಜನ್ನು ಬೋಗುಣಿಯ ನೀರಿನಿಂದ ಅದರೊಳಗೆ ತೊಳೆದ. ನಕ್ಕ ಹುಡುಗನೇ ಮುಂದೆ ಬಂದು ತನ್ನ ಗಾಜನ್ನು ಎರಡೂ ಕೈಯಿಂದ ಹಿಡಿದು ಕೊಟ್ಟ. ಬೋಗುಣಿಯಲ್ಲಿ ಉಳಿದ ನೀರೂ ಗಿಂಡಿಗೆ ಬಂತು. ಆಮೇಲೆ ನಮ್ಮ ಮೆರವಣಿಗೆ ಹೊರಟಿತು: ಮುಂದೆ ಗಿಂಡಿಯ ಬಾಯಿಗೆ ಅಂಗೈ ಮುಚ್ಚಿಕೊಂಡ ಅಕ್ಕ, ಹಿಂದೆ ಕೋಟು ಹಾಕಿದ ಮಾಸ್ತರ, ಅವನ ಹಿಂದೆ ಒಂದು ಹಿಂಡು ಹುಡುಗರು, ಎಲ್ಲರಿಗಿಂತ ಹಿಂದೆ ತನಗೆ ಇವರ ಗುರುತಿಲ್ಲ ಅನ್ನುವ ಹಾಗೆ ನಡೆಯುವ ಗೋಕಾಕದ ಒಬ್ಬ ಅರಿವಿ ವ್ಯಾಪಾರಿ. ಕೆರೆಯ ಮೆಟ್ಟಿಲ ಮೇಲೆ ಕೂತು ಅಕ್ಕ ಗಿಂಡಿಯನ್ನು ನೀರಿನ ಮಟ್ಟಕ್ಕೆ ಇಳಿಸಿ, ನಿದ್ದೆ ಹತ್ತಿದ ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಮೆಲ್ಲಗೆ ಬೋರಲು ಮಾಡಿದಳು. ಬಗ್ಗಿ ನೋಡಿದಳು. ಏನೂ ಕಾಣುತ್ತಿರಲಿಲ್ಲ, ಆದರೂ ಈ ಸಲ ನೋಡುವ ರೀತಿ ಬೇರೆ ಇತ್ತು.

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಅಕ್ಕ ತಾನಾಗಿ ಅಂದಳು: "ಲಕ್ಷ್ಮೀ, ನೀರು ತಾರವ್ವಾ." ಆ ಹುಡುಗಿ ಒಳಗೆ ಹೋದದ್ದು ನಡೆದು ಹೋದದ್ದಲ್ಲ. ಧರಣೇಂದ್ರ ಕೋಟು ಬಿಚ್ಚುತ್ತಿದ್ದವನು ಒಂದೇ ತೋಳು ಬಿಚ್ಚಿ ಹಾಗೇ ನಿಂತ.

ಅಷ್ಟರಲ್ಲಿ ಹೊರಗಿನ ಬಾಗಿಲಲ್ಲಿ ಯಾರೋ ಕೆಮ್ಮಿದರು. ಕಾಲೇಜಿನ ಸಿಪಾಯಿ ಮಾಳಪ್ಪ, ನಮ್ಮ ಹುಕ್ಕೇರಿ ಕಡೆಯವನೇ. ಮರೆತು ಬಿಟ್ಟ ಅರಿವಿಯ ಚೀಲವನ್ನು ತಂದಿದ್ದ. ಧರಣೇಂದ್ರ ಹೊರಗೆ ಹೋದ, ನಾನೂ ಹೋದೆ.

"ಸಾಹೇಬ್ರ, ಹುಡುಗೂರು ಹೇಳಿದ್ರು. ನೀವು ರಂಕಾಳಕ್ಕ ಯಾಕ ಹೋದ್ರಿ?"

"ನೀರು ಬಿಡಾಕ ಮಾಳಪ್ಪ. ಅಲ್ಲೀದು ಅಲ್ಲೇ ಬಿಡಬೇಕಲ್ಲ."

ಮಾಳಪ್ಪ ತಲೆ ಕೆರೆದುಕೊಂಡ. "ಅಲ್ಲರಿ... ದಿನಾ ರಂಕಾಳದ್ದ ತರತೇನ್ರಿ, ಆಣಿ ಮಾಡಿ ಹೇಳತೇನಿ. ಇವತ್ತ ಬಿಸಲಿತ್ರಿ. ಕಾಲೇಜ ತೋಟಕ್ಕ ನೀರು ತುಂಬಿಡೂ ಕಲ್ಲಿನ ಹೌದು ಐತಲ್ರಿ, ಅದರಾಗೂ ಅಂಥಾದ ಹಸರ ಪಾಚಿ ಐತಿ. ಅದನ್ನ ತುಂಬಿ ಇಟ್ಟಿದ್ನಿರಿ."

ನಾನು ಮಾಳಪ್ಪನ ಬಾಯಿಯನ್ನೂ ಬಾಗಿಲನ್ನೂ ಒಟ್ಟಿಗೇ ಮುಚ್ಚುವುದು ಹೇಗೆ ಅಂತ ನೋಡಿದೆ. "ಧರಣೂ, ಕೇಳು" ಅಂತ ಅವನ ತೋಳು ಹಿಡಿದೆ. "ನೀರಿಗೆ ಊರಿನ ಛಾಪಾ ಇರತೈತೇನೋ? ಬಿಟ್ಟದ್ದಾತು. ಅವು ಆರಾಮ ಅದಾವ. ನಿಮ್ಮವ್ವ ನೀರು ಕುಡಿಯಾಕ ಕುಂತಾಳ. ಈ ಮಾತ ನಾಳೆ ಹೇಳು, ಇಲ್ಲಾಂದ್ರ ದೀಪಾವಳಿಗೆ ಹೇಳು."

ಒಳಗೆ ಲಕ್ಷ್ಮೀಬಾಯಿ ತಂಬಿಗೆ ಕೊಡುತ್ತಿರುವುದು ಕಾಣುತ್ತಿತ್ತು. ಅಕ್ಕ ಅದನ್ನು ಎತ್ತಿ ಹಿಡಿದಿದ್ದಳು. ಧರಣೇಂದ್ರ ನನ್ನ ಕಡೆ ನೋಡಿದ. ಬೈಯುವವರ ನೋಟ ಅಲ್ಲ ಅದು. ನಾನು ಹೇಳಿದಂತೆ ಮಾಡಲು ಅವನಿಗೆ ಎಷ್ಟು ಆಶೆ ಇತ್ತು ಅನ್ನುವುದು ಅದರಲ್ಲಿತ್ತು. ಆಮೇಲೆ ತೋಳು ಬಿಡಿಸಿಕೊಂಡು ಒಳಗೆ ಹೋದ.

"ಅವ್ವಾ, ಕುಡಿಯಬ್ಯಾಡ. ನಾವು ಕೆರಿಗೆ ಬಿಟ್ಟ ನೀರು ರಂಕಾಳದ್ದಲ್ಲ. ಕಾಲೇಜ ತೋಟದ ಹೌದಿಂದು. ನಾನೂ ಈಗ ತಿಳಕೊಂಡೆ."

ಅಕ್ಕ ತಂಬಿಗೆಯನ್ನು ಕೆಳಗಿಟ್ಟಳು. ಬಾಗಿಲ ಹೊರಗೆ ಮಾಳಪ್ಪ ನಿಂತಲ್ಲೇ ಸಣ್ಣವನಾದ. ಆಮೇಲೆ ಅಕ್ಕ ತನಗೆ ತಾನೇ ಅನ್ನುವಂತೆ, "ಅದರಾಗ ಆ ಬಸರಿ ಚೆಂಡೂ ಇತ್ತು" ಅಂದಳು.

"ಬದುಕಿದ್ರೂ ಬದುಕಬಹುದವ್ವಾ. ಎರಡೂ ನಿಂತ ನೀರ. ಆದ್ರ ಖಾತ್ರಿ ಹೇಳಾಕ ಬರೂದಿಲ್ಲ."

"ಹಿಡದು ತರಾಕ ಬರ್ತೈತೇನು?"

"ಅಷ್ಟ ದೊಡ್ಡ ಕೆರ್ಯಾಗ? ಇಲ್ಲ."

ಮಾಳಪ್ಪ ಹೊರಗಿನಿಂದಲೇ, "ತಪ್ಪಾತ್ರಿ ಅವ್ವಾರ, ನಂದ ತಪ್ಪು" ಅಂದ.

"ನಿಂದು ಬಿಸಲಿನ ತಪ್ಪು, ಹೋಗು. ಇವತ್ತಿನ ತಪ್ಪು ನಂದ. ಎಲ್ಲೀ ನೀರಂತ ತಂದವನ್ನ ಕೇಳಬೇಕಿತ್ತು. ತರಸಿದವನ್ನ ಕೇಳಿ ಓಡಿದೆ. ಕೈಯಾಗ ಗಿಂಡಿ ಐತೆಂತ ಸೊಕ್ಕು" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಬಾಪು, ನಾಳೆ ನಂಗ ಉಪಾಸ. ನೀರೂ ಇಲ್ಲ. ನಾಡದ ಮುಂಜಾನಿ ಪಾರಣಿ ಮಾಡಿ ಊರಿಗೆ ಹೋಗೂಣು" ಅಂದಳು.

ಉಪವಾಸ ಬಿಡುವಾಗ ಮೊದಲು ತೆಗೆದುಕೊಳ್ಳುವ ನೀರು, ಆಹಾರ, ಅದೇ ಪಾರಣೆ. ಅದನ್ನು ಎಲ್ಲೆಂದರಲ್ಲಿ ಮಾಡುವುದಿಲ್ಲ, ಯಾರ ಕೈಯಿಂದಲಾದರೂ ಮಾಡುವುದಿಲ್ಲ. ಧರಣೇಂದ್ರ ತಾಯಿಯ ಎದುರಿಗೆ ನೆಲದ ಮೇಲೆ ಕೂತ. "ಪಾರಣಿ ಎಲ್ಲಿ ಮಾಡ್ತೀ ಅವ್ವಾ? ಬಸದ್ಯಾಗೇನು?"

"ಬಸದ್ಯಾಗ ಯಾಕ? ನನ್ನ ಮಗನ ಮನಿ ಇಲ್ಲೇನು ಈ ಊರಾಗ? ನೀರು ನೀ ಸೇದಿ, ನೀ ಸೋಸಿ, ನಿನ್ನ ಕೈಲೆ ಕೊಡಬೇಕು."

ಲಕ್ಷ್ಮೀಬಾಯಿ ಸೆರಗು ಮುಖಕ್ಕೆ ಹಚ್ಚಿಕೊಂಡು ಒಳಗೆ ಹೋದಳು. ಗೋಕಾಕದಲ್ಲಿ ನನ್ನ ಅಂಗಡಿಯ ಕೀಲಿ ಇನ್ನೂ ಒಂದು ದಿನ ತೆಗೆಯುವಂತಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದವನು ಅಕ್ಕನ ಮುಖ ನೋಡಿ ಆಕಳಿಸಿದಂತೆ ಮಾಡಿದೆ.

ಉಪವಾಸದ ದಿನ ಅವಳು ಮನೆಯಲ್ಲಿ ಮಲಗುತ್ತಾಳೆ ಅಂದುಕೊಂಡಿದ್ದರೆ ಅವಳ ಗುರುತು ನಿಮಗಿಲ್ಲ. ಮತ್ತೆ ಕಲಾಸಿಗೆ ಬಂದಳು. ಹಿಂದಿನ ಬೆಂಚಿನಲ್ಲಿ ಕೂತು, ಒಣಗಿದ ತುಟಿಯಲ್ಲಿ ಇಂಗ್ರಜಿ ಪಾಠ ಇಡಿಯಾಗಿ ಕೇಳಿದಳು. ಹುಡುಗರು ದುರ್ಬೀನು ನೋಡಿ ಮುಗಿಸಿದ ಮೇಲೆ, ಯಾರೂ ಹೇಳದೆ, ಗಾಜಿನ ಪಟ್ಟಿಗಳನ್ನು ಒಂದು ಬೋಗುಣಿಯೊಳಗೆ ತೊಳೆದರು. ಬೋಗುಣಿ ಒಯ್ಯಲು ಬಂದ ಮಾಳಪ್ಪ ಎಲ್ಲರಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ, "ಇದು ಹೌದಿಂದರಿ, ಹೌದಿಗೇ ಹೊಂಟೇತಿ!" ಅಂತ ಸಾರಿಕೊಂಡು ಹೋದ, ಕೋರ್ಟಿನಲ್ಲಿ ಹೆಸರು ಕೂಗುವವನ ಹಾಗೆ. ಅಕ್ಕ ಎದ್ದು ಅವನ ಹಿಂದೆ ಹೋಗಿ ನೋಡಿಯೇ ಬಂದಳು.

ಪಾರಣೆಯ ಮುಂಜಾನೆ ಸೂರ್ಯ ಮೇಲೆ ಬರುವತನಕ ಕಾದು ಧರಣೇಂದ್ರ ಹಿತ್ತಲ ಬಾವಿಗೆ ಹೋದ. ಅಕ್ಕ ಪಡಸಾಲೆಯಲ್ಲೇ ಕೂತಳು, ನೋಡಲು ಎದ್ದು ಹೋಗಲಿಲ್ಲ. ನಾನು ಹೋದೆ, ಪರೀಕ್ಷೆ ಮಾಡುವುದು ನನ್ನ ಕಸುಬು. ಹುಡುಗ ಅರಿವಿಯನ್ನು ಎರಡು ಮಡಿಕೆ ಮಾಡಿ, ನಡುವೆ ಗುಳಿ ಬರುವ ಹಾಗೆ ಒತ್ತಿ, ತಂಬಿಗೆಯ ಬಾಯಿಗೆ ಹಾಕಿದ. ನೀರನ್ನು ಸಣ್ಣ ಧಾರೆಯಲ್ಲಿ ಬಿಟ್ಟ. ಅರಿವಿಯನ್ನು ಹಿಂಡಲಿಲ್ಲ, ಝಾಡಿಸಲಿಲ್ಲ. ಮಗ್ಗುಲು ತಿರುಗಿಸಿ, ಸೋಸಿದ ನೀರನ್ನೇ ಸುರಿದು ಗಿಂಡಿಯೊಳಗೆ ತೊಳೆದ. ಗಿಂಡಿ ಬಾವಿಗೆ ಇಳಿಸಿದ, ಹಗ್ಗ ಜಗ್ಗಿದ, ಮೇಲೆ ಎಳೆದುಕೊಂಡ. ಇದನ್ನೆಲ್ಲ ಮಾಡುವಾಗ ಅವನು ನನ್ನ ಜೊತೆ ಮೋಟಾರು ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದರ ಬಗ್ಗೆ ಮಾತಾಡುತ್ತಿದ್ದ. ಕೈಗಳು ತಮ್ಮ ಪಾಡಿಗೆ ಘೋಡಗೇರಿಯಲ್ಲಿದ್ದವು.

ಅಕ್ಕ ತಂಬಿಗೆಯನ್ನು ಎರಡೂ ಕೈಯಿಂದ ಇಸಿದುಕೊಂಡು, ಕಣ್ಣು ಮುಚ್ಚಿ ಏನೋ ಅಂದುಕೊಂಡು, ಕುಡಿದಳು. ತುಟಿಗೆ ಹಚ್ಚಿ ಬಿಡುತ್ತಾಳೇನೋ ಅಂದುಕೊಂಡಿದ್ದೆ. ಇಡೀ ತಂಬಿಗೆ ಖಾಲಿ ಮಾಡಿ, "ಇನ್ನೊಂದೀಟು" ಅಂದಳು. ಧರಣೇಂದ್ರ ನೀರು ತರಲು ಓಡಿದ. ಹೊಸ್ತಿಲಿಗೆ ಎಡವಿದ. ಕಾಲೇಜಿನ ಮಾಸ್ತರ ಬೋರಲು ಬೀಳುವುದೊಂದು ಬಾಕಿ ಇತ್ತು. ತಾಯಿ ನಕ್ಕಳು, ಸೊಸೆ ನಕ್ಕಳು, ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದೇ.

ಮೋಟಾರಿಗೆ ಹೊರಡುವ ಮುಂದೆ ಅಕ್ಕ ಗೂಟಕ್ಕೆ ತೂಗಿದ್ದ ಪಾಚಿ ಹಿಡಿಯುವ ಚೀಲವನ್ನು ತೆಗೆದುಕೊಂಡು ಅಂಗಳಕ್ಕೆ ಹೋದಳು. ಸೂರ್ಯನ ಎದುರಿಗೆ ಹಿಡಿದಳು. ಅಲ್ಲಲ್ಲಿ ಸವೆದು ಬೆಳಕು ಹನಿಹನಿಯಾಗಿ ಅವಳ ಮುಖದ ಮೇಲೆ ಬಿತ್ತು.

"ಬಾಪು, ಇವನಿಗೊಂದು ಹೊಸಾ ತುಂಡು ಕಳಸು. ಇದು ಜಾಳಾಗೇತಿ. ಸಣ್ಣವು ತಪ್ಪಿಸಿಕೊಂಡು ಹೊಕ್ಕಾವ."

ನನಗೆ ಸುಮ್ಮನಿರಲಾಗಲಿಲ್ಲ. "ತಪ್ಪಿಸಿಕೊಂಡ್ರ ಚಲೋ ಅಲ್ಲೇನಕ್ಕಾ? ಅದನ್ನ ಬೇಡತಿದ್ದೆಲ್ಲ ನೀ!"

"ಏನ್ ಚಲೋ? ದಾರ್ಯಾಗ ಬಿದ್ದು ಯಾವ ನೀರಿಗೆ ಹೋದ್ವು ಅಂತ ಯಾರಿಗೆ ಗೊತ್ತು? ಹಿಡಿಯೂದಿದ್ರ ಎಲ್ಲಾನೂ ಹಿಡೀಲಿ, ಎಲ್ಲಾನೂ ವಾಪಸ ಬಿಡಲಿ."

ಗೋಕಾಕಕ್ಕೆ ಬಂದ ಮೇಲೆ ಅಂಗಡಿಯ ಮೂಲೆಯಲ್ಲಿದ್ದ ಕೈಮಗ್ಗದ ಥಾನಿನಿಂದ ಒಳ್ಳೆಯ ತುಂಡು ಕತ್ತರಿಸಿ, ಮಡಿಸಿ, ಪಾರ್ಸಲು ಕಟ್ಟಲು ಕೂತೆ. ಅಕ್ಕ ಘೋಡಗೇರಿಗೆ ಹೋಗುವ ಗಾಡಿ ಕಾಯುತ್ತ ನನ್ನ ಎದುರಿಗೇ ಕೂತಿದ್ದಳು. ನಾನು ದಾರ ಸುತ್ತಿ ಗಂಟು ಹಾಕುವಷ್ಟರಲ್ಲಿ ಕೈ ಚಾಚಿದಳು.

"ಬಿಚ್ಚು ಅದನ್ನ. ಒಂದು ಬಕೀಟ ನೀರ ತರಸು."